ಸವತಿಯಂಥ ಸಾಹೇಬರು

ನನ್ನ ಗಂಡನಿಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ, ಬೇರೆ ಹೆಣ್ಣಿನ ಸುದ್ದಿಯಂತೂ ಇರಲೇ ಇಲ್ಲ. ಅದೇ ನನ್ನ ದುರ್ದೈವ. ಇವುಗಳಲ್ಲಿ ಒಂದಾದರೂ ಇದ್ದಿದ್ದರೆ ಓಣಿಯ ಹೆಂಗಸರೆಲ್ಲ ನನ್ನ ಪರವಾಗಿ ನಿಲ್ಲುತ್ತಿದ್ದರು, ನಾನೂ ಸೆರಗು ಕಣ್ಣಿಗೊತ್ತಿಕೊಂಡು ನಾಲ್ಕು ಮನೆಗಳಲ್ಲಿ ಚಹಾ ಕುಡಿದು ಬರಬಹುದಿತ್ತು. ನನ್ನ ಹೊಟ್ಟೆ ಉರಿಸಿದವರು ನಲವತ್ತು ದಾಟಿದ, ಬೋಳುತಲೆಯ, ಬಿಸಿಲಿಗೆ ಕೆಂಪಗೆ ಸುಟ್ಟ ಮೂಗಿನ ಒಬ್ಬ ವಿಲಾಯತಿ ಇಂಜಿನಿಯರು. ಅವರ ಮೇಲೆ ಹೊಟ್ಟೆಕಿಚ್ಚು ಎಂದರೆ ಯಾರಾದರೂ ನಗುತ್ತಾರೆ. ನಕ್ಕರೂ ಸರಿ, ಅದು ಈಗಲೂ ಪೂರಾ ಆರಿಲ್ಲ.

ನಾನು ಹುಕ್ಕೇರಿಯ ಮಗಳು. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಗೋಕಾಕದ ಗಿರಣಿಯ ಫಿಟ್ಟರನಿಗೆ ನನ್ನನ್ನು ಕೊಟ್ಟರು. ಇವರ ಊರು ಮೂಡಲಗಿ. ಅತ್ತೆ ಅಲ್ಲೇ ಹೊಲ, ಎಮ್ಮೆ ನೋಡಿಕೊಂಡಿದ್ದರು. ನಾವಿಬ್ಬರು ಜಲಪಾತದ ಸಪ್ಪಳ ಕೇಳಿಸುವ ಗಿರಣಿ ಚಾಳಿನ ಎರಡು ಖೋಲಿಗಳಲ್ಲಿ ಸಂಸಾರ ಹೂಡಿದೆವು. ಸಾಹೇಬರು ನೀರಿನಿಂದ ಕರೆಂಟು ತೆಗೆಯುವ ಯಂತ್ರಗಳ ಮೇಲಿನ ಇಂಜಿನಿಯರು, ನನ್ನ ಗಂಡ ಅವರ ಕೈಕೆಳಗಿನವರು. ಅವರದು ಇಂಗ್ಲೆಂಡಿನ ಪಕ್ಕದ ವೇಲ್ಸ್ ಎಂಬ ಗುಡ್ಡಗಾಡಿನ ನಾಡು. ಮಿಕ್ಕ ಬಿಳಿಯರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋದಾಗ ಸಾಹೇಬರೊಬ್ಬರು ಹೋಗಲಿಲ್ಲ. ನಮ್ಮ ಕಡೆಯ ಕನ್ನಡವನ್ನೂ ಕಲಿತಿದ್ದರು, ಮದುವೆಯಾಗಿರಲಿಲ್ಲ. ಹೋಗಿದ್ದರೆ ನನ್ನ ಸಂಸಾರ ನೆಟ್ಟಗಿರುತ್ತಿತ್ತು.

ಅವರಿಗೆ ಯಂತ್ರದ ಕೆಲಸ ಹೊಟ್ಟೆಪಾಡು, ಜೀವವೆಲ್ಲ ರಗ್ಬಿ ಎಂಬ ಆಟದಲ್ಲಿ. ಈಗ ಟಿವಿಯಲ್ಲಿ ತೋರಿಸುತ್ತಾರೆ, ಆಗ ನಮ್ಮ ಕಡೆ ಯಾರೂ ಅದನ್ನು ಕಂಡಿರಲಿಲ್ಲ. ಚೆಂಡು ದುಂಡಗಿಲ್ಲ, ಕೋಳಿಯ ತತ್ತಿಯ ಹಾಗೆ ಉದ್ದುದ್ದ. ಅದನ್ನು ಎದೆಗವಚಿಕೊಂಡು ಓಡಬೇಕು, ಎದುರಿನವರು ಕಾಲು ಹಿಡಿದು ಕೆಡವಬೇಕು. ಜೊತೆಯವನಿಗೆ ಕೈಯಿಂದ ಕೊಡುವುದಾದರೆ ಹಿಂದಿದ್ದವನಿಗೇ ಕೊಡಬೇಕು, ಮುಂದಕ್ಕೆ ಎಸೆದರೆ ತಪ್ಪು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅಂಕ. ಇಷ್ಟೆಲ್ಲ ನನಗೇಕೆ ಗೊತ್ತು ಎಂದರೆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಇವರು ಮೂಡಲಗಿಯ ಗರಡಿಯಲ್ಲಿ ಮಣ್ಣು ಮೈಗೆ ಬಳಿದುಕೊಂಡು ಬೆಳೆದ ಪೈಲವಾನರು. ಒಂದು ದಿನ ವರ್ಕ್‌ಶಾಪಿನಲ್ಲಿ ದೊಡ್ಡ ಕಬ್ಬಿಣದ ದಂಡವನ್ನು ಹೆಗಲು ಕೊಟ್ಟು ಎತ್ತುವುದನ್ನು ಸಾಹೇಬರು ನೋಡಿದರಂತೆ. ದಂಡ ಕೆಳಗಿಡುವವರೆಗೂ ತಾಳ್ಮೆ ಇಲ್ಲ, ಇವರ ಸುತ್ತ ಒಂದು ಸುತ್ತು ಬಂದು ಕುತ್ತಿಗೆ ಮುಟ್ಟಿ ನೋಡಿ, "ಸಂಜಿಕೆ ಗ್ರೌಂಡಿಗೆ ಬರ್ರಿ" ಎಂದರಂತೆ. ಸಂತೆಯಲ್ಲಿ ಎತ್ತು ನೋಡುವವರು ಹೀಗೇ ಮಾಡುತ್ತಾರೆ. ನಮ್ಮಪ್ಪ ಹುಕ್ಕೇರಿಯಲ್ಲಿ ಇವರನ್ನು ಅಳಿಯನೆಂದು ಒಪ್ಪಿಕೊಳ್ಳುವ ಮೊದಲು ಇಷ್ಟು ನೋಡಿರಲಿಲ್ಲ.

ಅಂದಿನಿಂದ ಗಿರಣಿಯ ಭೋಂಗಾ ಊದಿದರೆ ಇವರ ಕಾಲು ಮನೆಯ ಕಡೆ ತಿರುಗುತ್ತಿರಲಿಲ್ಲ. ಕತ್ತಲಾದ ಮೇಲೆ ಮೈತುಂಬ ಕೆಸರು ಮೆತ್ತಿಕೊಂಡು ಬರುವುದು, ನಾನು ನೀರು ಕಾಯಿಸಿ ಕೊಡುವುದು. ಊಟಕ್ಕೆ ಕೂತಾಗ, "ಸಾಹೇಬ್ರು ಇವತ್ತ ಏನಂದ್ರು ಗೊತ್ತೇನ?" ಎಂದು ಶುರು. ಪಲ್ಯಕ್ಕೆ ಉಪ್ಪು ಹಾಕುವುದನ್ನು ಬೇಕೆಂದೇ ಮರೆತು ನೋಡಿದ್ದೇನೆ, ಸುಮ್ಮನೆ ತಿಂದು ಎದ್ದರು. ಚೆಂಡಿನ ಚರ್ಮ ಒಣಗಬಾರದೆಂದು ನನ್ನ ತಲೆಗೆ ಇಟ್ಟಿದ್ದ ಔಡಲೆಣ್ಣೆ ಅದಕ್ಕೆ ಹೋಯಿತು. ಮಡಿಲಲ್ಲಿಟ್ಟುಕೊಂಡು, ಹೊಲಿಗೆಹೊಲಿಗೆಗೂ ಬೆರಳಾಡಿಸಿ ಉಜ್ಜುತ್ತಿದ್ದರು. ಮದುವೆಯಾಗಿ ಅಷ್ಟು ದಿನವಾದರೂ ನನ್ನ ತಲೆಗೆ ಒಂದು ದಿನ ಎಣ್ಣೆ ಹಚ್ಚಿದ ಕೈಯಲ್ಲ ಅದು.

ಮೂಡಲಗಿಗೆ ಹೋದಾಗ ಅತ್ತೆಯ ಮುಂದೆ ಎಲ್ಲವನ್ನೂ ತೋಡಿಕೊಂಡೆ. ಅವರು ಎಮ್ಮೆ ಹಿಂಡುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಸೆರೆ ಕುಡಿಯಾಕ ಹೋಗ್ತಾನೇನ?"

"ಇಲ್ರಿ ಅತ್ತಿ."

"ಯಾರದರ ಮನಿಗೆ ಹೋಗ್ತಾನೇನ?"

"ಇಲ್ರಿ."

"ಚೆಂಡು ಹಿಡಿಯಾಕ ಹೋಗ್ತಾನ. ಹೋಗ್ಲಿ ಬಿಡು, ನಿನ್ನ ಗಂಟೇನ ಹೋತು? ಆ ತತ್ತಿಯಂಥಾದ್ದನ್ನ ನನ್ನ ಅಡಗಿ ಮನ್ಯಾಗ ಮಾತ್ರ ತರಬ್ಯಾಡ ಅಂತ ಹೇಳು."

ಅಲ್ಲಿಗೆ ನನ್ನ ಫಿರ್ಯಾದಿ ಮುಗಿಯಿತು.

ಒಂದು ವರ್ಷ ತವರಿನಲ್ಲಿ ಸೂತಕವಿದ್ದುದರಿಂದ ನಾಗರಪಂಚಮಿಗೆ ಅಣ್ಣ ಕರೆಯಲು ಬರಲಿಲ್ಲ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ, ಜೋಕಾಲಿ ಇಲ್ಲದಿದ್ದರೆ ಅದು ಹಬ್ಬವೇ ಅಲ್ಲ. ಚಾಳಿನ ಸುತ್ತ ಜೋಕಾಲಿ ಕಟ್ಟುವಂಥ ಮರವಿರಲಿಲ್ಲ. ಮೈದಾನದ ಎರಡೂ ತುದಿಗೆ ಸಾಹೇಬರು ಗಿರಣಿಯ ಹಳೆಯ ಪೈಪುಗಳಿಂದ ಕಂಬ ನಿಲ್ಲಿಸಿದ್ದರು. ಎರಡು ಎತ್ತರದ ಕಂಬ, ನಡುವೆ ಒಂದು ಅಡ್ಡಪೈಪು. ಒದ್ದ ಚೆಂಡು ಅದರ ಮೇಲಿಂದ ಹಾಯಬೇಕಂತೆ. ನನ್ನ ಕಣ್ಣಿಗೆ ಅದು ಜೋಕಾಲಿಗೆಂದೇ ಮಾಡಿಸಿದ ಹಾಗೆ ಕಂಡಿತು. ಚಾಳಿನ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಹೋಗಿ ಹಗ್ಗ ಕಟ್ಟಿಸಿದೆ. ಒಂದು ದಿನವಾದರೂ ಆಟ ನಿಲ್ಲಲಿ, ಮಂದಿಯ ಮುಂದೆ ಸಾಹೇಬರ ಮುಖ ಕಪ್ಪಿಡಲಿ, ಇವರು ಬಂದು ನನ್ನ ಜೋಕಾಲಿ ಜೀಕಲಿ ಎಂಬ ಆಸೆ.

ಸಂಜೆ ಅವರು ತಂಡ ಕಟ್ಟಿಕೊಂಡು ಬಂದರು. ನಾನೂ ಪಕ್ಕದ ಮನೆಯಾಕೆಯೂ ಎದುರುಬದುರು ನಿಂತು ಆಕಾಶಕ್ಕೇರುತ್ತಿದ್ದೆವು, ಕೆಳಗೆ ಹೆಂಗಸರು ಹಾಡುತ್ತಿದ್ದರು. ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ಮೇಲಿನ ಪೈಪು ನೋಡಿದರು, ಗಂಟು ನೋಡಿದರು. "ನಿಲ್ಲಸ್ರಿ" ಎಂದರು. ಬಂತು ಜಗಳ ಎಂದು ನಾನು ಸೆರಗು ಸಿಕ್ಕಿಸಿಕೊಂಡೆ. ಅವರು ಗಿರಣಿಗೆ ಆಳು ಕಳಿಸಿ ಭಾರ ಎತ್ತುವ ದಪ್ಪ ಹಗ್ಗ ತರಿಸಿ, ತಾವೇ ಏಣಿ ಹತ್ತಿ, ಪೈಪಿಗೆ ಗೋಣಿತಾಟು ಸುತ್ತಿ, ಜೋಕಾಲಿ ಹೊಸದಾಗಿ ಕಟ್ಟಿಕೊಟ್ಟರು. "ಇಬ್ಬರಕಿಂತ ಹೆಚ್ಚು ಮಂದಿ ಏರಬ್ಯಾಡ್ರಿ ಬಾಯಾರ. ಹಬ್ಬ ಮುಗಿಯೂತನಕ ಈ ಬಾಜೂ ನಿಮ್ಮದು" ಎಂದು ಹೇಳಿ ತಂಡವನ್ನು ಆ ತುದಿಗೆ ಕರೆದುಕೊಂಡು ಹೋದರು. ಹೆಂಗಸರೆಲ್ಲ ದೇವರಂಥಾ ಮನುಷ್ಯ ಎಂದು ಹೊಗಳಿದ್ದೇ ಹೊಗಳಿದ್ದು. ಇವರು ನನ್ನ ಕಡೆ ಒಂದು ಸಲ ನೋಡಿ, ಸಾಹೇಬರ ಹಿಂದೆ ಆ ತುದಿಗೇ ಓಡಿದರು. ಹೊಸ ಹಗ್ಗ ಬಹಳ ಗಟ್ಟಿಯಾಗಿತ್ತು. ನನಗೆ ಮತ್ತೆ ಏರುವ ಮನಸ್ಸಾಗಲಿಲ್ಲ.

ಜಗಳವಾಡಲು ಒಂದು ಕಾರಣವನ್ನೂ ಕೊಡದ ಮನುಷ್ಯನ ಮೇಲೆ ಸಿಟ್ಟು ಇಟ್ಟುಕೊಳ್ಳುವ ಕಷ್ಟ ನನಗೆ ಗೊತ್ತು. ಅವರಿಗೊಂದು ನೇಮವಿತ್ತು. ಬೇರೆ ತಂಡ ಬಂದಾಗ ಆಟದ ತೀರ್ಪು ಕೊಡುವವರೂ ಅವರೇ, ಏಕೆಂದರೆ ಸುತ್ತಮುತ್ತ ಮತ್ತಾರಿಗೂ ಆ ಕಾಯಿದೆ ತಿಳಿಯದು. ಆ ದಿನ ಬೆಳಗಿನಿಂದ ನಮ್ಮ ತಂಡದವರ ಜೊತೆ ಮಾತಿಲ್ಲ, ಅವರ ಕೊಡದ ನೀರನ್ನೂ ಮುಟ್ಟುವುದಿಲ್ಲ. ಇಸ್ತ್ರಿ ಮಾಡಿದ ಚಡ್ಡಿ, ಹೊಳೆಯುವ ಬೂಟು ಹಾಕಿಕೊಂಡು ಒಬ್ಬರೇ ಮೈದಾನದಂಚಿನ ಎಳೆಯ ಬೇವಿನ ಗಿಡದ ಬುಡದಲ್ಲಿ ಕೂರುವರು. ನಾನು ಒಮ್ಮೆ ಚಹಾ ಕೊಡಲು ಹೋದಾಗ, "ಬ್ಯಾಡ್ರಿ ಬಾಯಾರ, ಇವತ್ತ ನಾ ಯಾರ ಮಂದಿನೂ ಅಲ್ಲ" ಎಂದರು. ನನಗೆ ಅವರ ಮೇಲೆ ಸ್ವಲ್ಪ ಪ್ರೀತಿ ಹುಟ್ಟುತ್ತಿದ್ದದ್ದು ಅಂಥ ದಿನಗಳಲ್ಲಿ ಮಾತ್ರ. ಅಂದು ಅವರು ನನ್ನ ಗಂಡನಿಗೂ ಏನೂ ಆಗಿರುತ್ತಿರಲಿಲ್ಲ.

ಮರುವರ್ಷ ಪಂಚಮಿಗೆ ಅಣ್ಣ ಬಂದು ಹುಕ್ಕೇರಿಗೆ ಕರೆದೊಯ್ದ. ಹೋಗುವ ಮುಂಚೆ ಇವರಿಗೆ ಒಂದೇ ಮಾತು ಹೇಳಿದೆ.

"ಹಬ್ಬ ಆದ ಮ್ಯಾಲೆ ನೀವ ಬಂದು ಕರಕೊಂಡು ಹೋಗ್ಬೇಕು. ಅಣ್ಣಗ ಬಿಟ್ಟು ಬಾ ಅನ್ನಾಂಗಿಲ್ಲ."

"ನೋಡೋಣಂತ."

"ನೋಡೂದಲ್ಲ. ಬರ್ಬೇಕು."

ತವರಿಗೆ ಹೋದ ಹೆಣ್ಣನ್ನು ಗಂಡನೇ ಬಂದು ಕರೆದೊಯ್ಯುವುದು ನಮ್ಮಲ್ಲಿ ಮರ್ಯಾದೆಯ ವಿಷಯ. ಅಳಿಯ ಬರುತ್ತಾನೆ, ಹೋಳಿಗೆ ಉಣ್ಣುತ್ತಾನೆ, ಓಣಿಯವರು ಹಣಿಕಿ ನೋಡುತ್ತಾರೆ, ಆಕೆ ನಾಚಿದವಳಂತೆ ಮಾಡಿ ಹಿಂದೆ ಹೋಗುತ್ತಾಳೆ. ನನಗೂ ಅದು ಬೇಕಾಗಿತ್ತು. ಆದರೆ ಸಾಹೇಬರ ಆಟದ ಸುಗ್ಗಿಯೂ ಅದೇ ಮಳೆಗಾಲ. ನೆಲ ಮೆತ್ತಗಿದ್ದರೆ ಬಿದ್ದವರ ಮೂಳೆ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಹಬ್ಬ ಮುಗಿದ ಮೊದಲ ಐತವಾರ ಬೆಳಗಾವಿಯ ಸಿಪಾಯಿಗಳ ತಂಡ ಗೋಕಾಕಕ್ಕೆ ಬರುವುದಿತ್ತು.

ಐತವಾರ ಹೋಯಿತು, ಇವರು ಬರಲಿಲ್ಲ. ಸೋಮವಾರ ಬರುತ್ತಾರೆ ಎಂದು ಅವ್ವ ಕಡಲೆಬೇಳೆ ಬೇಯಿಸಿ ಹೂರಣ ಅರೆದಳು. ಮೋಟಾರು ಬಸ್ಸು ಬಂದು ನಿಂತ ಸದ್ದಾದಾಗಲೆಲ್ಲ ನಾನು ಬಾಗಿಲಿಗೆ ಬಂದು, ಯಾರಾದರೂ ಕಂಡರೆ ಕಸ ಗುಡಿಸುವವಳಂತೆ ಮಾಡುತ್ತಿದ್ದೆ. ಆ ವಾರ ನಮ್ಮ ಅಂಗಳದಷ್ಟು ಸ್ವಚ್ಛ ಅಂಗಳ ಹುಕ್ಕೇರಿಯಲ್ಲಿರಲಿಲ್ಲ. ಓಣಿಯ ಹೆಂಗಸರು, "ಇನ್ನೂ ಬಂದಿಲ್ಲೇನ ನಿಮ್ಮ ಪೈಲವಾನ್ರು?" ಎಂದು ಕೇಳತೊಡಗಿದರು. ಇವರು ಬಂದು ಕರೆಯುವವರೆಗೆ ಗೋಕಾಕದ ಹೊಸ್ತಿಲು ತುಳಿಯುವುದಿಲ್ಲ ಎಂದು ಅವ್ವನ ಮುಂದೆ ಹೇಳಿಬಿಟ್ಟೆ.

ಗುರುವಾರ ಮಧ್ಯಾಹ್ನ ಮನೆಯ ಮುಂದೆ ಜೀಪು ನಿಂತಿತು. ಇಳಿದವರು ಸಾಹೇಬರು. ಒಬ್ಬರೇ.

ಅವ್ವ ಗಾಬರಿಯಿಂದ ಸೆರಗು ಹೊದ್ದು ಜಮಖಾನೆ ಹಾಸಿದಳು. ಓಣಿಯ ಅರ್ಧ ಮಂದಿ ನಮ್ಮ ಕಟ್ಟೆಯ ಮೇಲೆ. ಸಾಹೇಬರು ಬೂಟು ಬಿಚ್ಚಿ, ಕಾಲು ಮಡಚಲು ಒದ್ದಾಡಿ ಕೂತರು. ಅಳಿಯ ಇಂದಾದರೂ ಬಂದಾನೆಂದು ಮತ್ತೆ ಮಾಡಿದ್ದ ಹೋಳಿಗೆಯನ್ನು ಅವ್ವ ತುಪ್ಪ ಸುರಿದು ಅವರಿಗೆ ಬಡಿಸಿದಳು. ನನ್ನ ಗಂಡನ ಪಾಲಿನದನ್ನೂ ಸಾಹೇಬರೇ ಬಂದು ತಿನ್ನಬೇಕೇ ಎಂದು ನನಗೆ ಮೈಯೆಲ್ಲ ಉರಿಯಿತು.

"ಬಾಯಾರ, ನಿಮ್ಮ ಮಾಲಕರು ಗ್ರೌಂಡಿಗೆ ಬರವಲ್ರು" ಎಂದರು.

"ಯಾಕ್ರಿ? ಜ್ವರ ಬಂದಾವೇನ್ರಿ?"

"ಜ್ವರ ಇಲ್ರಿ. ಐತವಾರ ನಾ ಅವ್ರನ್ನ ಆಟದಿಂದ ಹೊರಗ ಹಾಕಿದ್ನಿ."

ಆಮೇಲೆ ಎಲ್ಲವನ್ನೂ ಹೇಳಿದರು. ಸಿಪಾಯಿಯೊಬ್ಬ ಚೆಂಡು ಹಿಡಿದು ಓಡಿ ಬಂದಾಗ ಇವರು ಕಾಲು ಹಿಡಿದು ಕೆಡವಿದರು. ಅಲ್ಲಿಯವರೆಗೆ ಸರಿ. ಕೆಡವಿದ ಕೂಡಲೇ ಬಿಟ್ಟು ಚೆಂಡಿನ ಬೆನ್ನು ಹತ್ತಬೇಕು, ಅದು ಕಾಯಿದೆ. ಇವರೊಳಗಿನ ಪೈಲವಾನ ಕೇಳಬೇಕಲ್ಲ. ಚೆಂಡು ಎತ್ತಲೋ ಉರುಳಿ ಹೋದರೂ ಆ ಸಿಪಾಯಿಯನ್ನು ಹೊರಳಿಸಿ, ಎರಡೂ ಭುಜ ನೆಲಕ್ಕೆ ಹತ್ತಿಸಿ, ಚಿತ್ ಮಾಡಿ, ಎದ್ದು ನಿಂತು ಕೈ ಮೇಲೆತ್ತಿದರು. ಸುತ್ತಲಿದ್ದ ಗೋಕಾಕದ ಮಂದಿಗೆ ಗೊತ್ತಿರುವುದೂ ಕುಸ್ತಿಯೇ. ಗೆದ್ದೆವು ಎಂದು ಹಲಗೆ ಬಾರಿಸಿದರು, ರುಮಾಲು ತೂರಿದರು, ಯಾರೋ ಮೈದಾನದೊಳಗೆ ನುಗ್ಗಿ ಇವರ ತಲೆಗೆ ಪಟಗಾ ಸುತ್ತತೊಡಗಿದರು. ಅಷ್ಟರಲ್ಲಿ ಸಿಪಾಯಿಗಳು ನಿಧಾನವಾಗಿ ನಡೆದುಹೋಗಿ ನಮ್ಮ ಗೆರೆಯಾಚೆ ಚೆಂಡು ಇಟ್ಟು ಬಂದರು. ಸಾಹೇಬರು ಎಚ್ಚರಿಕೆ ಕೊಟ್ಟರು. ಇವರು ಮತ್ತೊಬ್ಬನನ್ನೂ ಹಾಗೇ ಮಲಗಿಸಿ ಎದೆಯ ಮೇಲೆ ಕೂತರು. ಸಾಹೇಬರು ಸೀಟಿ ಊದಿ ಹೊರಗೆ ಕೈ ತೋರಿಸಿದರು.

"ಕುಸ್ತ್ಯಾಗ ಬೆನ್ನು ನೆಲಕ್ಕ ಹತ್ತಿದ್ರ ಆಟ ಮುಗೀತೈತಿ. ಇದ್ರಾಗ ಅಲ್ಲಿಂದ ಸುರು ಆಗ್ತೈತಿ. ಎಷ್ಟ ಹೇಳಿದ್ರೂ ಮರೀತಾರ. ಅವತ್ತಿಂದ ಮನ್ಯಾಗ ಗ್ವಾಡಿಗೆ ಮಾರಿ ಮಾಡಿ ಕುಂತಾರ. ಉಣ್ಣವಲ್ರು. ನೀವು ಬಂದ್ರ ಏಳಬಹುದು ಅಂತ ಕರಿಯಾಕ ಬಂದೇನ್ರಿ."

"ನಿಮ್ಮ ಆಟಕ್ಕ ಆಳು ಕಡಿಮಿ ಬಿತ್ತು ಅಂತ ನನ್ನ ಕರಿಯಾಕ ಬಂದ್ರೇನ್ರಿ ಸಾಹೇಬ್ರ?"

ಅವ್ವ ಹಿಂದಿನಿಂದ ನನ್ನ ಸೀರೆ ಜಗ್ಗಿದಳು. ಸಾಹೇಬರು ಕೈಯಲ್ಲಿದ್ದ ಹೋಳಿಗೆ ತಾಟಿನಲ್ಲಿಟ್ಟು ಯೋಚಿಸಿದರು. ಬೇರೆ ಯಾರಾದರೂ ಆಗಿದ್ದರೆ, ಛೇ ಛೇ, ನಿಮ್ಮ ಸಂಸಾರದ ಸಲುವಾಗಿ ಎನ್ನುತ್ತಿದ್ದರು.

"ಹೌದ್ರಿ" ಎಂದರು.

"ತಾಳಿ ಕಟ್ಟಿದವ್ರು ಬಂದ್ರ ಬರ್ತೇನ್ರಿ. ನಿಮ್ಮ ಜೀಪಿನ್ಯಾಗ ನಾ ಕುಂದ್ರೂದಿಲ್ಲ."

ಅವರು ಒತ್ತಾಯ ಮಾಡಲಿಲ್ಲ. ಅವ್ವನಿಗೆ ಕೈ ಮುಗಿದು, ಅವಳು ಕಟ್ಟಿಕೊಟ್ಟ ಶೇಂಗಾ ಉಂಡಿ ಹಿಡಿದು ಹೋದರು. ಜೀಪಿನ ಧೂಳು ಅಡಗುವ ಮೊದಲೇ ನನ್ನ ಹಟ ಸಡಿಲವಾಯಿತು. ಉಣ್ಣವಲ್ರು ಎಂಬ ಒಂದು ಮಾತು ಒಳಗೆ ಕೊರೆಯುತ್ತಿತ್ತು. ಯಾರಿಗೆ ಗೊತ್ತು, ಅದರಲ್ಲಿ ಅರ್ಧವಾದರೂ ನಾನಿಲ್ಲದ ಬೇಸರವಿರಬಹುದು ಎಂದುಕೊಂಡೆ. ಮರುದಿನ ಮೊದಲ ಮೋಟಾರಿಗೆ ಗಂಟು ಹಿಡಿದು ಒಬ್ಬಳೇ ಹೊರಟೆ. ಅಣ್ಣನನ್ನೂ ಕರೆಯಲಿಲ್ಲ. ಓಣಿಯ ಹೆಂಗಸರು ನೋಡುತ್ತಲೇ ಇದ್ದರು.

ಇವರು ನಿಜವಾಗಿಯೂ ಗೋಡೆಗೆ ಮುಖ ಮಾಡಿ ಕೂತಿದ್ದರು. ಬಂದೆಯಾ ಎಂದು ಕೇಳಲಿಲ್ಲ, ಅವ್ವ ಹೇಗಿದ್ದಾಳೆ ಎಂದು ಕೇಳಲಿಲ್ಲ.

"ಅಷ್ಟು ಮಂದಿ ಮುಂದ ಸಾಹೇಬ್ರು ನನಗ ಸೀಟಿ ಹೊಡದ್ರು" ಎಂದರು. ಕಣ್ಣಲ್ಲಿ ನೀರು.

ಅಂದರೆ ಆ ಉಪವಾಸದಲ್ಲಿ ನನ್ನ ಪಾಲು ಒಂದು ತುತ್ತಿನಷ್ಟೂ ಇರಲಿಲ್ಲ. ರೊಟ್ಟಿ ಬಡಿದೆ. ಹಿಟ್ಟಿಗೆ ಅಂದು ಬಿದ್ದ ಪೆಟ್ಟು ಇಡೀ ಚಾಳಿಗೆ ಕೇಳಿಸಿರಬೇಕು. ನನ್ನ ಬೈಗುಳ ಕೇಳುತ್ತ ಉಂಡರು, ಆದರೆ ಜಾಗ ಬಿಟ್ಟು ಏಳಲಿಲ್ಲ. ಸಂಜೆ ಸಾಹೇಬರು ಬಾಗಿಲಿಗೆ ಬಂದರು. ಕಂಕುಳಲ್ಲಿ ಚೆಂಡು. ಇವರು ಎದ್ದರು, ಧೋತರ ಬಿಚ್ಚಿ ಚಡ್ಡಿ ಏರಿಸಿಕೊಂಡರು, ಹಿಂದೆ ಹೋದರು. ನಾನು ಎಂಜಲು ತಾಟು ಹಿಡಿದು ನಿಂತಲ್ಲೇ ನಿಂತಿದ್ದೆ.

ಆಮೇಲಿನ ವರ್ಷಗಳೂ ಹಾಗೇ. ಪಂಚಮಿಗೆ ಅಣ್ಣ ಕರೆದೊಯ್ಯುವನು, ನಾನೇ ಮೋಟಾರು ಹತ್ತಿ ಬರುವೆನು. ಮಗಳನ್ನು ಹಡೆದಾಗಲೂ ಅಣ್ಣನೇ ತಂದು ಬಿಟ್ಟ. ಇವರು ಹುಕ್ಕೇರಿಗೆ ಬರುತ್ತಿರಲಿಲ್ಲ ಎಂದಲ್ಲ, ಮದುವೆಗೆ, ತೊಟ್ಟಿಲಿಗೆ ಬಂದು ಉಂಡು ಹೋಗುತ್ತಿದ್ದರು. ಕರೆಯಲು ಮಾತ್ರ ಒಂದು ಸಲವೂ ಬರಲಿಲ್ಲ. ಮೊಣಕಾಲು ಸೋತು ಆಡುವುದು ಬಿಟ್ಟ ಮೇಲೆ ಇವರಿಗೆ ಪುರಸೊತ್ತು ಸಿಕ್ಕೀತು ಎಂದುಕೊಂಡೆ. ಸಾಹೇಬರು ಇವರ ಕೈಗೆ ಬಾವುಟ ಕೊಟ್ಟು ಗೆರೆಯ ಪಕ್ಕ ನಿಲ್ಲಿಸಿಕೊಂಡರು. ಕಾಯಿದೆಯನ್ನು ಅಷ್ಟು ಸಲ ಮುರಿದ ನನ್ನ ಗಂಡ ಈಗ ಬೇರೆಯವರು ಮುರಿಯುವುದನ್ನು ಕಾಯುತ್ತಿದ್ದರು. ಸಂಜೆ ಇಬ್ಬರೂ ಮೈದಾನದ ಸುತ್ತ ಅಡ್ಡಾಡುತ್ತಿದ್ದರು, ಮಾತು ಕಡಿಮೆ. ಗಂಡಹೆಂಡಿರು ವಯಸ್ಸಾದ ಮೇಲೆ ಹಾಗೆ ಅಡ್ಡಾಡುತ್ತಾರೆ ಎಂದು ನಾನು ಅಂದುಕೊಂಡಿದ್ದೆ.

ಅರವತ್ತರ ದಶಕದ ನಡುವಿಗೆ ಸಾಹೇಬರಿಗೆ ನಿವೃತ್ತಿಯಾಯಿತು. ಅವರ ಊರಿನಲ್ಲಿ ಯಾರೋ ತಂಗಿ ಇದ್ದಳಂತೆ, ಅಲ್ಲಿಗೆ ಹೊರಟರು. ಗಿರಣಿಯವರು ಹಾರ ಹಾಕಿದರು, ಹಳೆಯ ಆಟಗಾರರು ಸ್ಟೇಶನ್ನಿನವರೆಗೆ ಹೋಗಿ ಅತ್ತು ಬಂದರು. ನನಗೆ ಒಳಗೊಳಗೇ ಹಬ್ಬ. ಅಂದು ಹೊಸ ಸೀರೆ ಉಟ್ಟೆ. ಇವರು ಮಾತ್ರ ಸ್ಟೇಶನ್ನಿಗೆ ಹೋಗಲಿಲ್ಲ, ಮತ್ತೆ ಗೋಡೆಗೆ ಮುಖ ಮಾಡಿ ಕೂತರು. ಎರಡು ದಿನ ಹೀಗೇ ಕಳೆಯಿತು. ಮೂರನೆಯ ಬೆಳಗ್ಗೆ ಕೆಲಸಕ್ಕೆ ರಜೆ ಹಾಕಿ, ಚೀಲದಲ್ಲಿ ಒಂದು ಧೋತರ ತುರುಕಿಕೊಂಡು, "ಬರ್ತೇನಿ" ಎಂದು ಹೋದರು. ಎಲ್ಲಿಗೆಂದು ಹೇಳಲಿಲ್ಲ. ಮೂಡಲಗಿಗೆ ಅತ್ತೆಯನ್ನು ನೋಡಲು ಹೋಗಿರಬೇಕು ಎಂದುಕೊಂಡೆ.

ಹೋದದ್ದು ಮುಂಬೈಗೆ. ಮರಾಠಿ ಅರೆಬರೆ, ಹಿಂದಿ ಅದಕ್ಕಿಂತ ಕಡಿಮೆ, ಪುಣೆಯಲ್ಲಿ ಗಾಡಿ ಬದಲಿಸಿ, ಬಂದರದ ಹತ್ತಿರದ ವಸತಿಗಳಲ್ಲೆಲ್ಲ ಕೇಳಿಕೊಂಡು ಅಲೆದು ಸಾಹೇಬರನ್ನು ಹುಡುಕಿದರಂತೆ. ಹಡಗು ಇನ್ನೂ ಬಿಟ್ಟಿರಲಿಲ್ಲ. ಸಾಹೇಬರು ಕೋಣೆಯಲ್ಲಿ ಟ್ರಂಕಿನ ಮೇಲೆ ಕೂತಿದ್ದರಂತೆ. ಇವರು, "ಏಳ್ರಿ ಸಾಹೇಬ್ರ, ಮನಿಗೆ ಹೋಗೂಣು" ಎಂದರಂತೆ. ಸಾಹೇಬರು ಎದ್ದ ಕೂಡಲೇ ಟ್ರಂಕು ಹೆಗಲಿಗೇರಿಸಿಕೊಂಡು ಮುಂದೆ ನಡೆದರಂತೆ. ಇಷ್ಟನ್ನೂ ನನಗೆ ಹೇಳಿದವರು ಸಾಹೇಬರು, ಇವರಲ್ಲ.

ಟಾಂಗಾ ಬಂದು ನಿಂತಾಗ ನಾನು ಬಾಗಿಲಲ್ಲಿದ್ದೆ. ಮೊದಲು ಇವರು ಇಳಿದು, ಆಮೇಲೆ ಕೈ ಹಿಡಿದು ಅವರನ್ನು ಇಳಿಸಿದರು. ಚಾಳಿನ ಮಂದಿಯೆಲ್ಲ ಹೊರಗೆ ಬಂದು ನೋಡಿದರು. ಸಾಹೇಬರು ತಲೆ ತಗ್ಗಿಸಿ, ನಾಚಿದವರ ಹಾಗೆ, ಇವರ ಹಿಂದೆ ನಡೆದು ಬಂದರು.

"ಬಾಯಾರ, ಒಂದೀಟ ಚಾ ಸಿಗ್ತೈತೇನ್ರಿ?" ಎಂದರು.

ಒಲೆಗೆ ನೀರಿಟ್ಟೆ. ಇವರು ಕೈಕಾಲು ತೊಳೆಯಲು ಒಳಗೆ ಬಂದರು. ಅಷ್ಟು ವರ್ಷ ಕಟ್ಟಿಕೊಂಡಿದ್ದದ್ದು ಬಾಯಿಗೆ ಬಂತು.

"ಅಲ್ರಿ, ಹುಕ್ಕೇರಿಗೆ ಮುಂಜಾನಿ ಹೋದ್ರ ಸಂಜಿಕೆ ಬರಬಹುದು. ಒಂದ ಒಂದು ಸಲ ನನ್ನ ಕರಿಯಾಕ ಬರಲಿಲ್ಲ ನೀವು. ಅವ್ರ ಸಲುವಾಗಿ ಮುಂಬೈತನಕ ಹೋದ್ರಿ. ನಾ ಏನ್ ಕಡಿಮಿ ಮಾಡಿದ್ನಿ ನಿಮಗ?"

ಇವರು ತಂಬಿಗೆಯ ನೀರು ಕಾಲ ಮೇಲೆ ಸುರಿದುಕೊಂಡು, ನಾನು ಕೇಳಬಾರದ್ದನ್ನು ಕೇಳಿದೆನೆಂಬಂತೆ ಮುಖ ನೋಡಿದರು.

"ನೀ ಬರ್ತಿ ಅಂತ ನನಗ ಗೊತ್ತಿತ್ತು. ಅವ್ರು ಬರ್ತಿದ್ದಿಲ್ಲ" ಎಂದರು. ಎರಡು ಕಪ್ಪು ಚಹಾ ತಾವೇ ಎತ್ತಿಕೊಂಡು ಹೊರಗೆ ಹೋದರು.

ಸಾಹೇಬರು ಮೈದಾನದ ಪಕ್ಕದಲ್ಲೊಂದು ಖೋಲಿ ಹಿಡಿದು ಅಲ್ಲೇ ಉಳಿದರು. ಈಗ ಅವರೂ ಇಲ್ಲ, ಇವರೂ ಇಲ್ಲ. ಇವರ ಆ ಮಾತನ್ನು ಮಗಳಿಗೆ ಹೇಳಿದರೆ ಅವಳ ಕಣ್ಣು ತುಂಬುತ್ತದೆ, ಅಪ್ಪ ನಿನ್ನನ್ನು ಎಷ್ಟು ನಂಬಿದ್ದ ನೋಡು ಎನ್ನುತ್ತಾಳೆ. ನಂಬಿದ್ದರು, ನನಗೆ ಗೊತ್ತು. ಆದರೂ ಟಾಂಗಾದಿಂದ ಇವರು ಕೈ ಹಿಡಿದು ಇಳಿಸಿದ್ದು ನನ್ನನ್ನಲ್ಲ. ಹುಕ್ಕೇರಿಯಲ್ಲಿ ಆ ಶುಕ್ರವಾರದ ಮೋಟಾರನ್ನು ಬಿಟ್ಟುಬಿಡಬೇಕಿತ್ತು. ಒಂದೇ ಒಂದು ಸಲ ನಾನೂ ಬರದೇ ಇದ್ದು ನೋಡಬೇಕಿತ್ತು.